ಎಂಟು ತಿಂಗಳ ಕೂಸಿಗೆ ರೋಬೋಟ್ ಹೊಲಿಗೆ ಬೇಕಾ?

ಪ್ರಶ್ನೆ: ಮಗನಿಗೆ 8 ತಿಂಗಳು. ಎಡ ಕಿಡ್ನಿಯಿಂದ ಮೂತ್ರನಾಳ ಶುರುವಾಗುವ ಜಾಗ ಕಿರಿದಾಗಿ ಕಿಡ್ನಿ ಊದಿದೆ. ಅದನ್ನು ಸರಿಪಡಿಸುವ ಪೈಲೋಪ್ಲಾಸ್ಟಿ ಆಪರೇಷನ್ ಆಗಬೇಕಂತೆ. ಒಂದು ಆಸ್ಪತ್ರೆಯವರು ಲ್ಯಾಪ್ರೊಸ್ಕೋಪಿ (ಸಣ್ಣ ತೂತುಗಳಿಂದ ಕ್ಯಾಮೆರಾ, ಸಲಕರಣೆ ಹಾಕಿ ಮಾಡುವುದು) ಸಾಕು ಅಂದರು. ಇನ್ನೊಂದರಲ್ಲಿ ರೋಬೋಟ್ ಆದರೆ ಹೊಲಿಗೆ ಚೆನ್ನಾಗಿ ಬೀಳುತ್ತದೆ, ಖರ್ಚು ಜಾಸ್ತಿ ಅಂದರು. ರೋಬೋಟೇ ಹೊಲಿಯುತ್ತದಾ? ಯಾವುದು ಒಳ್ಳೆಯದು?

ಉತ್ತರ: ರೋಬೋಟ್ ತಾನಾಗಿ ಏನೂ ಹೊಲಿಯುವುದಿಲ್ಲ. ಡಾಕ್ಟರ್ ಪಕ್ಕದಲ್ಲೇ ಕನ್ಸೋಲ್ (ರೋಬೋಟನ್ನು ಆಡಿಸುವ ಯಂತ್ರ) ಮುಂದೆ ಕೂತು ಕೈ ಆಡಿಸುತ್ತಾರೆ, ಒಳಗಿನ ಸಲಕರಣೆ ಹಾಗೇ ಆಡುತ್ತದೆ, ಅಷ್ಟೆ.

ಆಪರೇಷನ್ ಬೇಕೇ ಬೇಕು ಅಂತ ಸ್ಕ್ಯಾನ್‌ನಲ್ಲಿ ಖಚಿತವಾಗಿದೆ ಅಂದುಕೊಂಡು ಬರೆಯುತ್ತಿದ್ದೇನೆ. ಇದರಲ್ಲಿ ಕಷ್ಟದ ಕೆಲಸವೇ ಹೊಲಿಗೆ. ಕಿರಿದಾದ ತುಂಡು ತೆಗೆದು ಮೂತ್ರನಾಳವನ್ನು ಕಿಡ್ನಿಗೆ ಮತ್ತೆ ಜೋಡಿಸಬೇಕು. ಇದಕ್ಕೆ ಬಳಸುವ 6-0 ಅಳತೆಯ ದಾರ ಅಂದರೆ ಹೆಚ್ಚುಕಡಿಮೆ ತಲೆಕೂದಲಿನಷ್ಟು ದಪ್ಪ. ಹೊಲಿಗೆ ಸಡಿಲವಾದರೆ ಮೂತ್ರ ಸೋರುತ್ತದೆ. ಸೂಜಿ ಎದುರಿನ ಗೋಡೆಗೂ ಚುಚ್ಚಿಕೊಂಡರೆ ದಾರಿ ಮತ್ತೆ ಕಟ್ಟಿಕೊಳ್ಳುತ್ತದೆ.

ಲ್ಯಾಪ್ರೊಸ್ಕೋಪಿಯ ಸಲಕರಣೆ ನೇರ ಕಡ್ಡಿ. ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ, ಮಣಿಕಟ್ಟಿನ ಹಾಗೆ ಬಾಗುವುದಿಲ್ಲ. ಎರಡು ಉದ್ದ ಕಡ್ಡಿ ಹಿಡಿದು ಮಲ್ಲಿಗೆ ಕಟ್ಟಿ ನೋಡಿ, ಗೊತ್ತಾಗುತ್ತದೆ! ಕಲಿಯಲು ವರ್ಷಗಳು ಬೇಕು. ರೋಬೋಟ್‌ನಲ್ಲಿ ತುದಿ ಬೇಕಾದ ಕಡೆ ತಿರುಗುತ್ತದೆ, ಕೈನಡುಕ ಒಳಗೆ ತಲುಪುವುದಿಲ್ಲ. ಹೊರಗೆ 3 ಸೆಂಟಿಮೀಟರ್ ಆಡಿಸಿದರೆ ಒಳಗೆ 1 ಮಾತ್ರ ಆಡುವಂತೆ ಇಟ್ಟುಕೊಳ್ಳಬಹುದು. ಗಂಟು ಹಾಕುವುದು ಬೇಗ ಒಲಿಯುತ್ತದೆ, ನಿಜ.

ಆದರೆ ನಿಮ್ಮದು ಸಣ್ಣ ಕೂಸು, ಅಲ್ವಾ? ರೋಬೋಟ್‌ನ ಸಲಕರಣೆ ಸಾಮಾನ್ಯವಾಗಿ 8 ಮಿಲಿಮೀಟರ್ ದಪ್ಪ. ಲ್ಯಾಪ್ರೊಸ್ಕೋಪಿಯಲ್ಲಿ 3 ಮಿಲಿಮೀಟರ್‌ನದೂ ಸಿಗುತ್ತದೆ. ಅಂಗೈಯಗಲದ ಹೊಟ್ಟೆಯ ಮೇಲೆ ತೂತುಗಳು ಹತ್ತಿರವಾದರೆ ರೋಬೋಟ್‌ನ ತೋಳುಗಳು ಹೊರಗೆ ಒಂದಕ್ಕೊಂದು ತಾಗುತ್ತವೆ. ಇನ್ನೊಂದು ತೊಂದರೆ, ಬಹುತೇಕ ಮಾಡೆಲ್‌ಗಳಲ್ಲಿ ದಾರದ ಬಿಗಿ ಕೈಗೆ ತಿಳಿಯುವುದಿಲ್ಲ. ಕಣ್ಣಲ್ಲೇ ಅಳೆಯಬೇಕು. ಜಾಸ್ತಿ ಎಳೆದರೆ ದಾರ ಪಟ್ಟನೆ ತುಂಡಾಗುತ್ತದೆ.

ಪಳಗಿದ ಕೈಯಲ್ಲಿ ಎರಡರಲ್ಲೂ 100ಕ್ಕೆ 90ಕ್ಕಿಂತ ಜಾಸ್ತಿ ಮಕ್ಕಳಿಗೆ ಸರಿಹೋಗುತ್ತದೆ. ಹಾಗಾಗಿ ಬರೀ ಹೊಲಿಗೆಗೋಸ್ಕರ ಸಾಲ ಮಾಡಿ ರೋಬೋಟ್ ಹಿಂದೆ ಹೋಗಬೇಡಿ. ಎರಡೂ ಕಡೆ ಒಂದೇ ಮಾತು ಕೇಳಿ: ವರ್ಷದೊಳಗಿನ ಎಷ್ಟು ಮಕ್ಕಳಿಗೆ ನೀವೇ ಇದನ್ನು ಮಾಡಿದ್ದೀರಿ? ಸಣ್ಣ ಕೂಸಿಗೆ ಚಿಕ್ಕ ಗಾಯ ಮಾಡಿ ತೆರೆದು ಮಾಡುವ ಆಪರೇಷನ್ನೂ ತುಂಬಾ ಒಳ್ಳೆಯದೇ. ಯಾರಾದರೂ ಅದನ್ನು ಹೇಳಿದರೆ ಹಳೇಕಾಲದ್ದು ಅಂತ ತಳ್ಳಿಹಾಕಬೇಡಿ.

ಯಾವ ದಾರಿ ಹಿಡಿದರೂ ಒಳಗೆ ಸ್ಟೆಂಟ್ (ಮೂತ್ರ ಸರಾಗ ಇಳಿಯಲು ಇಡುವ ತೆಳು ಕೊಳವೆ) ಇಟ್ಟಿದ್ದರೆ ಸಾಮಾನ್ಯವಾಗಿ 4ರಿಂದ 6 ವಾರದಲ್ಲಿ ತೆಗೆಸಬೇಕು. ಆ ತಾರೀಖನ್ನು ಮನೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.