ಅರವತ್ತನಾಲ್ಕು ಮಂದಿಗೆ ಮುಟ್ಟಿದ ಸುದ್ದಿ

ಪತ್ರ: ಮಾನ್ಯ ಸಂಪಾದಕರೇ, ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ 64 ಮಂದಿ ಇದ್ದೇವೆ. ಮುಂಬಯಿ, ಪುಣೆ, ಮಡಗಾಂವ್, ಊರು, ಎಲ್ಲ ಕಡೆಯವರೂ ಇದ್ದಾರೆ. ಕುಂದಾಪುರದ ನಮ್ಮ ಸೋದರತ್ತೆ ಬಚ್ಚಲಲ್ಲಿ ಜಾರಿಬಿದ್ದು 11 ದಿನ ಆಸ್ಪತ್ರೆಯಲ್ಲಿದ್ದರು. ಸುದ್ದಿ ಮೊದಲ ದಿನವೇ ಗುಂಪಿಗೆ ಬಂದಿತ್ತು. ಎಲ್ಲರೂ ‘ಬೇಗ ಗುಣವಾಗಲಿ’ ಎಂದು ಹಾಕಿದೆವು. ಒಬ್ಬರೂ ಹೋಗಿ ನೋಡಿರಲಿಲ್ಲ, ಫೋನು ಕೂಡ ಮಾಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ಟಿವಿಯೂ ಮೊಬೈಲೂ ಸೇರಿ ನಮ್ಮ ಸಂಬಂಧಗಳನ್ನು ತಿಂದುಹಾಕಿವೆ. ಮಾಧ್ಯಮದವರಾದ ನಿಮಗೂ ಇದರಲ್ಲಿ ಪಾಲಿಲ್ಲವೇ?
– ಹೆಸರು ಬೇಡವೆಂದ ಓದುಗರು, ಡೊಂಬಿವಲಿ

ಹಿರಿಯರೇ,

ಪಾಲಿದೆ. ಅದನ್ನು ಮೊದಲೇ ಒಪ್ಪಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರದ ಉಳಿದ ಮಾತುಗಳನ್ನು ಒಪ್ಪುವ ಮನಸ್ಸಿಲ್ಲ.

ನಿಮ್ಮ ಅತ್ತೆಯ ಹತ್ತಿರ ಯಾರೂ ಹೋಗದಂತೆ ತಡೆದದ್ದು ಟಿವಿಯಲ್ಲ, ಮೊಬೈಲೂ ಅಲ್ಲ. ಆ 64 ಎಂಬ ಸಂಖ್ಯೆ. ಇದನ್ನು ಅಳೆದು ನೋಡಿದವರಿದ್ದಾರೆ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಾಟನೆ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಮೈಕಿನ ಮೂಲಕ ಮಾತಿಗೆ ಹಚ್ಚಿದರು. ನಡುವೆ ಒಬ್ಬನಿಗೆ ಮೂರ್ಛೆರೋಗ ಬಂದಂತೆ, ಮೊದಲೇ ಮುದ್ರಿಸಿಟ್ಟ ದನಿ ಕೇಳಿಸಿದರು. ಕೇಳುತ್ತಿರುವವನು ತಾನೊಬ್ಬನೇ ಎಂದುಕೊಂಡವರಲ್ಲಿ ಆ ದನಿ ನಿಲ್ಲುವ ಮೊದಲೇ ಎದ್ದುಹೋದವರು 100ಕ್ಕೆ 85. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ 31. ಅವರು ಕಲ್ಲೆದೆಯವರೇನಲ್ಲ, ಕುಳಿತಲ್ಲೇ ಕೈ ನಡುಗುತ್ತಿತ್ತಂತೆ. ಯಾರಾದರೂ ಹೋಗಿರುತ್ತಾರೆ ಎಂದುಕೊಂಡರು, ಅಷ್ಟೇ. ನಾಲ್ಕು ಮಂದಿಗೇ ಹೀಗಾದರೆ 63 ಮಂದಿಗೆ ಏನಾಗಬೇಕು, ನೀವೇ ಲೆಕ್ಕ ಹಾಕಿ. ‘ಊರಲ್ಲಿರುವವರು ಹೋಗಿರುತ್ತಾರೆ’ ಎಂದು ಮುಂಬಯಿಯವರು, ‘ಮುಂಬಯಿಯವರು ದುಡ್ಡು ಕಳಿಸಿರುತ್ತಾರೆ’ ಎಂದು ಊರವರು.

ಆದ್ದರಿಂದ ಮೊಬೈಲನ್ನು ಬೈಯಬೇಡಿ. ಅದೇ ಮೊಬೈಲಿನಿಂದ ಆ ಸುದ್ದಿ ನಿಮ್ಮೊಬ್ಬರಿಗೇ ಬಂದಿದ್ದರೆ ಅವತ್ತು ರಾತ್ರಿಯೇ ನೀವು ಬಸ್ಸು ಹತ್ತುತ್ತಿದ್ದಿರಿ. ಕಾಗದವೋ ಗಾಜಿನ ಪರದೆಯೋ ಎಂಬುದು ನನಗೆ ಮುಖ್ಯವಲ್ಲ. ಹೆಸರು ಹಿಡಿದು ಹೇಳಿದ್ದೋ, ಊರಿಗೆಲ್ಲ ಸಾರಿದ್ದೋ ಎಂಬುದೇ ಪ್ರಶ್ನೆ. ಈ ಅಂಕಣವನ್ನು ಓದುವವರಿಗೆ ಇದು ನನ್ನ ಹಳೇ ಹಟ ಎಂದು ಗೊತ್ತು.

ದೂರದ ಊರಿಗೆ ಫೋನು ಬುಕ್ ಮಾಡಿ ಕಾಯುತ್ತಿದ್ದ ಟ್ರಂಕ್ ಕಾಲ್ ನೆನಪಿರುವ ವಯಸ್ಸು ನಿಮ್ಮದು. ಅದರಲ್ಲಿ ಪಿ.ಪಿ., ಅಂದರೆ ಪರ್ಟಿಕ್ಯುಲರ್ ಪರ್ಸನ್, ಎಂಬ ವ್ಯವಸ್ಥೆಯಿತ್ತು. ಯಾರ ಹತ್ತಿರ ಮಾತಾಡಬೇಕೋ ಅವರ ಹೆಸರು ಬರೆಸಿದರೆ, ಅವರೇ ಬಂದು ಫೋನು ಹಿಡಿದ ಮೇಲೆ ಮಾತಿನ ಲೆಕ್ಕ ಶುರು. ಅದಕ್ಕೆ ಬೇರೆ ಶುಲ್ಕ. ಅದೇ ಎರಡಕ್ಷರ ಮುಂಬಯಿಯ ಚಾಳುಗಳಿಗೆ, ಅಂದರೆ ಸಾಲುಮನೆಗಳ ವಠಾರಗಳಿಗೆ, ಬಂದು ಬೇರೆ ಅರ್ಥ ಪಡೆಯಿತು. ವಿಸಿಟಿಂಗ್ ಕಾರ್ಡಿನಲ್ಲಿ ನಂಬರಿನ ಮುಂದೆ ಪಿ.ಪಿ. ಎಂದಿದ್ದರೆ ಅದು ಪಕ್ಕದ ಮನೆಯ ಫೋನು ಎಂದು ಅರ್ಥ. ಕರೆ ಬಂದಾಗ ಪಕ್ಕದ ಮನೆಯವರು ಕೈಯ ಕೆಲಸ ಬಿಟ್ಟು, ಗ್ಯಾಲರಿಯಲ್ಲಿ ನಡೆದು, ಬಾಗಿಲು ತಟ್ಟಿ ಕರೆಯಬೇಕು. ನಮ್ಮದಲ್ಲದ ಸುದ್ದಿಗಾಗಿ ಇನ್ನೊಬ್ಬರು ಏಳಬೇಕಿತ್ತು ನೋಡಿ!

ಇನ್ನು ಟಿವಿಯ ಮಾತು. ‘ಟಿವಿ ತಿಂದುಹಾಕಿತು’ ಎಂದು ಬರೆದವರಲ್ಲಿ ನೀವು ಮೊದಲಿಗರಲ್ಲ. ಆದರೆ ಎಲಿಹು ಕಾಟ್ಜ್ ಮತ್ತು ಪಾಲ್ ಲಾಜರ್ಸ್‌ಫೆಲ್ಡ್ 1955ರಲ್ಲಿ ತಮ್ಮ ಪುಸ್ತಕದಲ್ಲಿ ತೋರಿಸಿದ್ದು ಬೇರೆಯೇ. ಇಲಿನಾಯ್ ರಾಜ್ಯದ ಡಿಕೇಟರ್ ಎಂಬ ಊರಿನ 800 ಹೆಂಗಸರನ್ನು ವಿಚಾರಿಸಿದ ಅಧ್ಯಯನ ಅದು. ದಿನಸಿ, ಉಡುಪು, ಸಿನಿಮಾ ಇಂಥವುಗಳ ಆಯ್ಕೆಯಲ್ಲಿ ರೇಡಿಯೋ ಪತ್ರಿಕೆಗಳಿಗಿಂತ ಪರಿಚಯದವರ ಮಾತೇ ಹೆಚ್ಚು ತೂಗಿತ್ತು. ಪತ್ರಿಕೆ ಹೇಳಿದ್ದು ಪಕ್ಕದ ಮನೆಯ ಬಾಯಿಂದ ಬಂದಾಗಲೇ ಮನಸ್ಸಿಗೆ ಇಳಿಯುತ್ತಿತ್ತು. ಪತ್ರಿಕೆ ನಡೆಸುವವರಿಗೆ ಇದು ಹಿತವಾದ ಓದಲ್ಲ, ಇರಲಿ.

ಈಗ ಆಗಿರುವ ಎಡವಟ್ಟು ಇಲ್ಲೇ ಇದೆ. ಪರಿಚಯದ ಬಾಯಿಗೆ ಇದ್ದ ತೂಕವನ್ನು ಫಾರ್ವರ್ಡ್ ಎಂಬ ಬಾಣದ ಗುರುತು ಕದ್ದುಕೊಂಡಿತು. ಯಾರೋ ಎಲ್ಲೋ ಸಾವಿರಾರು ಜನರಿಗೆಂದು ಮಾಡಿದ ಸಂದೇಶ ನಿಮ್ಮ ಭಾವನ ಹೆಸರು, ಭಾವನ ಫೋಟೋ ಹೊತ್ತುಕೊಂಡು ಬರುತ್ತದೆ. ಭಾವ ಬರೆದದ್ದಲ್ಲ, ಪೂರ್ತಿ ಓದಿದ್ದೂ ಅನುಮಾನ. ಆದರೂ ನಂಬಿಕೆ ಭಾವನ ಮೇಲಿನದು. ಇದರ ಬೆಲೆ ಎಷ್ಟೆಂದು ನಾವಿರುವ ಮಹಾರಾಷ್ಟ್ರವೇ ಕಂಡಿದೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಹಬ್ಬಿದ್ದ ಹೊತ್ತಿನಲ್ಲಿ, 2018ರ ಜುಲೈ 1ರಂದು, ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಸೋಲಾಪುರ ಕಡೆಯ ಐವರು ಅಲೆಮಾರಿಗಳನ್ನು ಗುಂಪು ಹೊಡೆದು ಕೊಂದಿತು. ಆ ತಿಂಗಳೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ದಾಟಿಸಬಹುದು ಎಂಬ ಮಿತಿ ತಂದಿತು. 2020ರ ಏಪ್ರಿಲಿನಿಂದ, ಎರಡು ಬಾಣದ ಗುರುತು ಬಿದ್ದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ. ಎರಡು ಬಾಣವೆಂದರೆ ಅದು ಐದು ಕೈಗಳನ್ನಾದರೂ ದಾಟಿ ಬಂದಿದೆ ಎಂದರ್ಥ. ಹಾಗೆ ಬಂದದ್ದಕ್ಕೆ ಉತ್ತರ ಕೊಡುವುದು ಗೋಡೆಯ ಮೇಲಿನ ಜಾಹೀರಾತಿಗೆ ಉತ್ತರ ಕೊಟ್ಟಂತೆ.

ಟಿವಿ ನಿರಪರಾಧಿ ಎಂದೇನೂ ನಾನು ಹೇಳುತ್ತಿಲ್ಲ. ನಿರೂಪಕ ಕ್ಯಾಮರಾದ ಕಣ್ಣಿಗೆ ಕಣ್ಣಿಟ್ಟು ಮಾತಾಡಿದರೆ ನೋಡುವವನಿಗೆ ತನ್ನೊಡನೆಯೇ ಮಾತಾಡಿದಂತೆ ಅನಿಸುತ್ತದೆ. ಈ ಒಂದು ಕಡೆಯ ಸಲುಗೆಯ ಬಗ್ಗೆ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ ಬರೆದಿದ್ದರು. ಧಾರಾವಾಹಿಯ ಸೊಸೆಯ ಬಾಣಂತನ ನಮಗೆ ಗೊತ್ತು, ಮೂರನೇ ಮಹಡಿಯವರದು ಗೊತ್ತಿಲ್ಲ. ಕ್ಷಮಿಸಿ, ನಿಮ್ಮ ಪತ್ರದ ಪೂರ್ಣಪಾಠದಲ್ಲಿ ಮೂವರು ಟಿವಿ ನಿರೂಪಕರ ಹೆಸರಿದೆ, ಅತ್ತೆಯ ಹೆಸರಿಲ್ಲ. ಇನ್ನೊಂದು ಮಾತು. ಆ ಪತ್ರವನ್ನು ನಮಗೆ ಕಳಿಸಿದ ಇಮೇಲಿನ ಮೇಲ್ಸಾಲಿನಲ್ಲಿ ಇನ್ನೂ ಆರು ಪತ್ರಿಕೆಗಳ ವಿಳಾಸಗಳಿದ್ದವು. ಏಳು ಜನಕ್ಕೆ ಕೇಳಿದ ಪ್ರಶ್ನೆ ಇದು, ಉತ್ತರ ಕೊಡುತ್ತಿರುವವನು ನಾನೊಬ್ಬನೇ ಇರಬೇಕು ಎಂದು ನನ್ನ ಗುಮಾನಿ.

ರೇಡಿಯೋದವರು ಈ ಹೆಸರಿನ ಗುಟ್ಟನ್ನು ಚೆನ್ನಾಗಿ ಅರಿತಿದ್ದರು. ಮುಂಬಯಿಯ ಬಾನುಲಿ ಕೇಂದ್ರ ಶುರುವಾದದ್ದು 1927ರ ಜುಲೈ 23ರಂದು, ವಿವಿಧಭಾರತಿ 1957ರ ಅಕ್ಟೋಬರ್ 3ರಂದು. ಮೆಚ್ಚಿನ ಹಾಡು ಕೋರಿ ಕಾರ್ಡು ಬರೆದವರ ಹೆಸರುಗಳನ್ನು ಓದುತ್ತಿದ್ದುದರಿಂದಲೇ ಈಗಿನ ಝಾರ್ಖಂಡಿನ ಝುಮರಿ ತಲೈಯಾ ಎಂಬ ಚಿಕ್ಕ ಊರು ದೇಶಕ್ಕೆಲ್ಲ ಗೊತ್ತಾಯಿತು. ಹಾಡಿಗಿಂತ ಹೆಸರು ಕೇಳಲು ಕಾಯುತ್ತಿದ್ದರು ಜನ.

ನಮ್ಮ ಕರಾವಳಿಯವರ ಮುಂಬಯಿ ಬದುಕು ನಿಂತದ್ದೇ ಇಂಥ ಹೆಸರುಗಳ ಮೇಲೆ. ಹೋಟೆಲಿನ ಮಾಣಿ ಊರಿಗೆ ಕಳಿಸಿದ ಮನಿಆರ್ಡರಿನ ಫಾರ್ಮಿನ ತುದಿಯಲ್ಲಿ ನಾಲ್ಕು ಸಾಲಿಗೆ ಜಾಗವಿತ್ತು. ದುಡ್ಡು ಖರ್ಚಾದ ಮೇಲೂ ಆ ಚೀಟಿ ತಾಯಿಯ ಹತ್ತಿರ ಉಳಿಯುತ್ತಿತ್ತು. ಬರೆಯಲು ಬಾರದವನಿಗೆ ಮುಂಬಯಿಯ ದೊಡ್ಡ ಅಂಚೆ ಕಚೇರಿ ಜಿಪಿಒ ಎದುರು ತಾಡಪಾಲಿನ ಕೆಳಗೆ ಪತ್ರ ಬರೆದುಕೊಡುವವರು ಕೂರುತ್ತಿದ್ದರು. ಪಾರ್ಸೆಲ್ಲಿಗೆ ಬಟ್ಟೆ ಹೊಲಿದು ಅರಗು ಹಾಕುವವರೂ ಅವರೇ. ಆ ಜಿಪಿಒ ಗುಮ್ಮಟ, ನಿಮಗೆ ಗೊತ್ತಿರಬಹುದು, ನಮ್ಮ ವಿಜಯಪುರದ ಗೋಳಗುಮ್ಮಟದ ಮಾದರಿಯದು. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ರೂಪಿಸಿದ ಕಟ್ಟಡ, 1913ರಲ್ಲಿ ಮುಗಿಯಿತು. ಆ ಪತ್ರಗಳಲ್ಲಿ ಗುಟ್ಟು ಏನೂ ಇರಲಿಲ್ಲ. ಬರೆಯುವವನು ಒಬ್ಬ, ಊರಲ್ಲಿ ಓದಿ ಹೇಳುವವರು ಪೋಸ್ಟ್‌ಮ್ಯಾನೋ ಶಾಲೆಯ ಮಾಸ್ತರರೋ. ಆದರೂ ‘ಮಾತೃಶ್ರೀಯವರ ಪಾದಗಳಿಗೆ’ ಎಂದು ಶುರುವಾದದ್ದು ಒಬ್ಬಳೇ ತಾಯಿಗೆ. ‘ಇಲ್ಲಿ ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು’ ಎಂಬ ಸಾಲನ್ನು ಸವಕಲೆಂದು ನಗುವವರಿದ್ದಾರೆ. ಅಮೆರಿಕಕ್ಕೆ ದುಡಿಯಲು ಹೋದ ಪೋಲೆಂಡಿನ ರೈತರ ಕಾಗದಗಳನ್ನು ಕೂಡಿಸಿ ಥಾಮಸ್ ಮತ್ತು ಜ್ನಾನಿಯೆಟ್ಸ್ಕಿ 1918ರಿಂದ ದೊಡ್ಡ ಸಂಪುಟಗಳನ್ನು ತಂದರು. ಆ ರೈತರೂ ಕ್ಷೇಮ, ನಮಸ್ಕಾರಗಳಿಂದಲೇ ಶುರುಮಾಡುತ್ತಿದ್ದರು. ಸುದ್ದಿ ಎರಡನೆಯದು, ‘ನಾನಿನ್ನೂ ನಿಮ್ಮವನೇ’ ಎಂದು ತಿಳಿಸುವುದೇ ಮೊದಲನೆಯದು ಎಂದು ಆ ವಿದ್ವಾಂಸರು ಓದಿಕೊಂಡರು.

ಹಾಗೆಂದು ಹಳೆಯದೆಲ್ಲ ಹೃದಯದಿಂದಲೇ ಬಂದದ್ದೇನಲ್ಲ. ಶುಭಾಶಯದ ತಂತಿಗೆ ಇಲಾಖೆಯೇ ಅಚ್ಚುಮಾಡಿಟ್ಟ ವಾಕ್ಯಗಳಿದ್ದವು, ಸಂಖ್ಯೆ ಬರೆದುಕೊಟ್ಟರೆ ಸಾಕಿತ್ತು. ಇವತ್ತಿನ ಸ್ಟಿಕರಿನ ಅಜ್ಜ ಅದು. 2013ರ ಜುಲೈಯಲ್ಲಿ ತಂತಿ ನಿಂತಾಗ ಅತ್ತವರಲ್ಲಿ ಎಷ್ಟು ಮಂದಿ ಅದನ್ನು ಕೊನೆಯ ಹತ್ತು ವರ್ಷದಲ್ಲಿ ಕಳಿಸಿದ್ದರೋ!

ಗುಂಪು ಬೇಡವೇ ಬೇಡ ಎಂದು ನಾನು ಹೇಳಲಾರೆ. ರಕ್ತ ಬೇಕೆಂದಾಗ, ಸಾವಿನ ಹೊತ್ತಿನಲ್ಲಿ ಅದು ಉಪಕಾರಿ. ಆದರೆ ರಿಪೇರಿ ಬೇಕು. ಬರೀ ಸೂಚನೆಗಳಿಗೆಂದು ಎರಡನೆಯ ಗುಂಪು ಮಾಡಿ, ಸೆಟ್ಟಿಂಗಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಇಡಿ. ಅಡ್ಮಿನ್ ಮೂವರಿರಲಿ: ಊರಲ್ಲೊಬ್ಬರು, ಇಲ್ಲೊಬ್ಬರು, ರಾತ್ರಿ ಎಚ್ಚರವಿರುವ ಹುಡುಗರಲ್ಲೊಬ್ಬರು. ಆಸ್ಪತ್ರೆಯ ಸುದ್ದಿಯಾದರೆ ಯಾರು, ಎಲ್ಲಿ, ಯಾವ ವಾರ್ಡು, ಜೊತೆಗಿರುವವರ ನಂಬರು ಇಷ್ಟನ್ನೂ ಬರೆದು, ಏನು ಬೇಕು ಎಂಬುದನ್ನೂ ಬರೆಯಬೇಕು: ಜನವೋ, ದುಡ್ಡೋ, ರಕ್ತವೋ, ಏನೂ ಬೇಡವೋ. ಅದನ್ನು ಏಳು ದಿನಕ್ಕೆ ಪಿನ್ ಮಾಡಿ, ಇಲ್ಲವಾದರೆ ಹಳೇ ಗುಂಪಿನಲ್ಲಾದಂತೆ 63 ಕೈಮುಗಿತಗಳ ಅಡಿಯಲ್ಲಿ ನಂಬರು ಹೂತುಹೋಗುತ್ತದೆ. ಇಷ್ಟಾದ ಮೇಲೆ ಅಡ್ಮಿನ್ ಇಬ್ಬರಿಗೆ ಬೇರೆಯಾಗಿ ಫೋನು ಮಾಡಿ, ‘ನೀವು ಬುಧವಾರ ಹೋಗಿ, ನೀವು ಶುಕ್ರವಾರ’ ಎನ್ನಬೇಕು. ಈ ಕೊನೆಯ ಹೆಜ್ಜೆ ಬಿಟ್ಟರೆ ಮೊದಲಿನದೆಲ್ಲ ದಂಡ. ಕೆಲವರು ಗುಂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡುತ್ತಾರೆ. ಕಳಿಸುವವರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ವಯಸ್ಸಾದವರು ಸೇವ್ ಮಾಡಿರುವುದಿಲ್ಲ, ‘ಕಳಿಸಿದ್ದೆನಲ್ಲ’, ‘ಬರಲೇ ಇಲ್ಲವಲ್ಲ’ ಎಂಬ ಜಗಳಗಳ ಬೇರು ಅಲ್ಲಿದೆ.

ಈ ರೋಗ ಕುಟುಂಬಕ್ಕೆ ಮಾತ್ರ ಅಂಟಿದ್ದಲ್ಲ. ಮುಂಬಯಿಯ ನಮ್ಮ ಸಂಘಸಂಸ್ಥೆಗಳ ಕಾರ್ಯಕ್ರಮಗಳಿಗೆ ಹೋಗಿ ನೋಡಿ. ಆಮಂತ್ರಣ ಸಾವಿರ ಫೋನುಗಳಿಗೆ ಹೋಗಿರುತ್ತದೆ, ಮುಂದಿನ ಎರಡು ಸಾಲು ಖಾಲಿ. ಕಾರ್ಡಿನ ಮೂಲೆಗೆ ಅರಸಿನ ಹಚ್ಚಿ, ಲೋಕಲ್ ಹಿಡಿದು, ಮನೆಗೆ ಬಂದು ಕೊಟ್ಟ ಮದುವೆಗೆ ಹೋಗದಿರಲು ನೆಪ ಹುಡುಕಬೇಕಿತ್ತು. ಪಿಡಿಎಫ್‌ನಲ್ಲಿ ಬಂದದ್ದಕ್ಕೆ ನೆಪವೂ ಬೇಡ. ಬರಹಗಾರರು ಒಂದೇ ಕವನವನ್ನು ಹತ್ತು ಪತ್ರಿಕೆಗಳಿಗೆ ಕಳಿಸುತ್ತಾರೆ. ಶ್ರದ್ಧಾಂಜಲಿಗಳಲ್ಲಿ ತೀರಿಕೊಂಡವರ ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಯಾರಿಗೂ ಹೊಂದುವಂತಿರುತ್ತದೆ. ಅಂಚೆ ಇಲಾಖೆಯೂ 2025ರಲ್ಲಿ, ಹೆಸರಿದ್ದವರ ಕೈಗೇ ಕೊಡಬೇಕಿದ್ದ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿಬಿಟ್ಟಿತು. ಇದರ ಬಗ್ಗೆ ಬರೆಯತೊಡಗಿದರೆ ಪುಟ ಸಾಲದು.

ಈಗ ನಿಮ್ಮ ಅತ್ತೆಯ ವಿಚಾರ. ಫೋನು ಮಾಡುವುದಾದರೆ ಸಂಜೆಯ ಧಾರಾವಾಹಿ ಹೊತ್ತಿನಲ್ಲಿ ಬೇಡ, ಮಧ್ಯಾಹ್ನದ ನಿದ್ದೆ ಮುಗಿದ ನಾಲ್ಕು ಗಂಟೆಗೆ ಮಾಡಿ. ಸ್ಪೀಕರು ಹಾಕಬೇಡಿ, ಕಿವಿ ಮಂದವಾದವರಿಗೆ ಅದರ ಮಾರ್ದನಿಯಲ್ಲಿ ಮಾತು ಒಡೆಯುತ್ತದೆ. ‘ಹೇಗಿದ್ದೀರಿ’ ಎಂದರೆ ‘ಹುಷಾರಿದ್ದೇನೆ ಮಗಾ’ ಎಂಬಲ್ಲಿಗೆ ಮಾತು ಮುಗಿಯಿತು. ಬಚ್ಚಲಿಗೆ ಹೋಗುವಾಗ ಯಾರು ಹಿಡಿದುಕೊಳ್ಳುತ್ತಾರೆ, ಮಾತ್ರೆ ತರುವವರು ಯಾರು, ಮಧ್ಯಾಹ್ನ ಊಟಕ್ಕೆ ಏನಿತ್ತು ಎಂದು ಕೇಳಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು.

ಬರೆಯುವುದಾದರೆ ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಸಾಕು. ಒಳಗೆ ಪ್ರಸಾದವನ್ನೋ ಫೋಟೋವನ್ನೋ ಇಡಬೇಡಿ, ಇನ್‌ಲ್ಯಾಂಡಿನಲ್ಲಿ ಏನೂ ಇಡುವಂತಿಲ್ಲ. ಇಡಲೇಬೇಕಿದ್ದರೆ ಲಕೋಟೆ ತನ್ನಿ. ಮಳೆಗಾಲದಲ್ಲಿ ಜೆಲ್ ಪೆನ್ನು ಬೇಡ, ಬಾಲ್ ಪೆನ್ನಿನಲ್ಲೇ ವಿಳಾಸ ಬರೆಯಿರಿ. ಡೊಂಬಿವಲಿಯ ತೇವಕ್ಕೆ ಅಂಟು ತಾನಾಗಿ ಹತ್ತಿಕೊಳ್ಳುತ್ತದೆ, ಮಡಿಕೆಯ ನಡುವೆ ಒಣ ಕಾಗದ ಇಟ್ಟುಕೊಂಡಿರಿ. ಊರಿನ ವಿಳಾಸಕ್ಕೆ ಮನೆಯ ಹೆಸರು ಮುಖ್ಯ, ಒಂದು ಗ್ರಾಮದಲ್ಲಿ ಒಂದೇ ಹೆಸರಿನ ಅಜ್ಜಿಯರು ಹಲವರಿರುತ್ತಾರೆ. ಗ್ರಾಮ, ಅಂಚೆ, ತಾಲೂಕು, ಆಮೇಲೆ ಪಿನ್. ನೀವು ಈಗಲೂ ‘ದಕ್ಷಿಣ ಕನ್ನಡ’ ಎಂದೇ ಬರೆಯುತ್ತಿರಬಹುದು. 1997ರಿಂದ ಕುಂದಾಪುರ ಉಡುಪಿ ಜಿಲ್ಲೆಯಲ್ಲಿದೆ, ಆದರೆ ಪಿನ್ ಸರಿಯಿದ್ದರೆ ಕಾಗದ ದಾರಿ ತಪ್ಪದು. ಕುಂದಾಪುರ ಪೇಟೆಗೆ 576201, ಅತ್ತೆಯ ಮನೆ ಒಳಗಿನ ಗ್ರಾಮದಲ್ಲಿದ್ದರೆ ಕೊನೆಯ ಮೂರಂಕಿ ಬೇರೆ, ಕೇಳಿಕೊಂಡು ಬರೆಯಿರಿ. ಅಕ್ಷರ ದಪ್ಪಗಿರಲಿ, ಸಾಲಿಗೂ ಸಾಲಿಗೂ ನಡುವೆ ಬೆರಳಗಲ ಬಿಡಿ. ಕನ್ನಡಕ ಬಿದ್ದಾಗ ಒಡೆದಿರಬಹುದು, ಅದನ್ನೂ ಕೇಳಿ.