ದನದ ಡಾಕ್ಟರ್ ಬದುಕಿನ ಕಥೆಗಳನ್ನು ಬರೆದ ಇಂಗ್ಲೆಂಡಿನ ಲೇಖಕ ಜೇಮ್ಸ್ ಹೆರಿಯಟ್ ಎರಡನೇ ಮಹಾಯುದ್ಧದ ಪೈಲಟ್ ಆಗಿದ್ದು, ಆಮೇಲೆ ಹಳ್ಳಿಯ ದನದ ಡಾಕ್ಟರ್ ಆದರಾ?

ಅಲ್ಲ, ಮೊದಲು ದನದ ಡಾಕ್ಟರ್, ವಾಯುಪಡೆ ಆಮೇಲೆ.

ಅವರ ನಿಜವಾದ ಹೆಸರು ಆಲ್ಫ್ ವೈಟ್. ಹುಟ್ಟಿದ್ದು 1916ರಲ್ಲಿ, ಬೆಳೆದಿದ್ದು, ಓದಿದ್ದು ಗ್ಲಾಸ್ಗೋದಲ್ಲಿ. 1940ರಲ್ಲಿ ಯಾರ್ಕ್‌ಷೈರ್‌ನ ಥರ್ಸ್ಕ್ ಎಂಬ ಸಣ್ಣ ಊರಿಗೆ ಬಂದು ಪಶುವೈದ್ಯ ಡೊನಾಲ್ಡ್ ಸಿಂಕ್ಲೇರ್ ಅವರ ಜೊತೆ ಕೆಲಸಕ್ಕೆ ಸೇರಿದರು. ಪಶುವೈದ್ಯರು ಯುದ್ಧಕ್ಕೆ ಹೋಗಲೇಬೇಕು ಅಂತ ಇರಲಿಲ್ಲ. ಆದರೂ ಮದುವೆಯಾದ ಮರುವರ್ಷವೇ, 1942ರಲ್ಲಿ, ತಾವಾಗಿಯೇ ವಾಯುಪಡೆಗೆ ಹೋದರು. ಟೈಗರ್ ಮಾತ್ ವಿಮಾನದಲ್ಲಿ ಪೈಲಟ್ ತರಬೇತಿ ನಡೆಯಿತು. ಅಷ್ಟರಲ್ಲಿ ಫಿಸ್ಟುಲಾಗೆ (ಗುದದ್ವಾರದ ಬಳಿ ಆಗುವ ಹುಣ್ಣಿನಂಥ ತೊಂದರೆ) ಆಪರೇಷನ್ ಆಯಿತು, ಹಾರಾಟಕ್ಕೆ ಅನರ್ಹ ಅಂದುಬಿಟ್ಟರು. ಯುದ್ಧದ ಆಕಾಶ ನೋಡದೆಯೇ 1943ರಲ್ಲಿ ಊರಿಗೆ ವಾಪಸ್.

ನನಗೆ ಜಾಸ್ತಿ ಹಿಡಿಸೋದು ಆಮೇಲಿನ ಬದುಕು. ನಡುರಾತ್ರಿ ಫೋನ್ ಬರುತ್ತದೆ, ಹಸು ಕರು ಹಾಕಲಾಗದೆ ಒದ್ದಾಡುತ್ತಿದೆ ಅಂತ. ಕೊರೆಯುವ ಚಳಿಯಲ್ಲಿ ಶರ್ಟ್ ಬಿಚ್ಚಿ, ತೋಳಿಗೆಲ್ಲ ಸೋಪು ಹಚ್ಚಿ, ಕೊಟ್ಟಿಗೆಯ ಕಲ್ಲಿನ ನೆಲದ ಮೇಲೆ ಅಂಗಾತವೋ ಬೋರಲಾಗಿಯೋ ಮಲಗಿ ಭುಜದವರೆಗೂ ಕೈ ಹಾಕಿ ಕರುವಿನ ಕಾಲು ಹುಡುಕಬೇಕು. ನಮ್ಮ ಹಳ್ಳಿಯ ಡಾಕ್ಟರುಗಳಿಗೂ ಇದು ಗೊತ್ತಿರುವ ಕಷ್ಟವೇ ಅಲ್ವಾ? ಹಸುಗಳಿಂದ ಹರಡುವ ಬ್ರುಸೆಲ್ಲೋಸಿಸ್ ಜ್ವರ ಹೆರಿಯಟ್ ಅವರಿಗೂ ತಗುಲಿತ್ತು.

ಬರೆಯಲು ಕೂತಿದ್ದು ಐವತ್ತರ ಹತ್ತಿರ. ವೈದ್ಯರು ಸ್ವಂತ ಪ್ರಚಾರ ಮಾಡಿಕೊಳ್ಳುವಂತಿರಲಿಲ್ಲ. ಹಾಗಾಗಿ ಫುಟ್‌ಬಾಲ್ ಗೋಲ್‌ಕೀಪರ್ ಜಿಮ್ ಹೆರಿಯಟ್ ಅವರ ಹೆಸರನ್ನು ಎರವಲು ಪಡೆದರು. ಪುಸ್ತಕಗಳು ಲಕ್ಷಗಟ್ಟಲೆ ಮಾರಾಟವಾದ ಮೇಲೂ ಬಹಳ ವರ್ಷ ದನ ಕುರಿ ನೋಡುತ್ತಲೇ ಇದ್ದರು. ತೀರಿಕೊಂಡಿದ್ದು 1995ರಲ್ಲಿ. ಥರ್ಸ್ಕ್‌ನ ಅವರ ಹಳೆಯ ದವಾಖಾನೆ ಈಗ ಮ್ಯೂಸಿಯಂ.