ಅಂಚು ನೋಡಿದರೆ ಗೊತ್ತಾಗುತ್ತದೆ

ಕೈಮಗ್ಗದ್ದು ಎಂದು ಕೊಂಡ ಬಟ್ಟೆಯಲ್ಲಿ ಸಣ್ಣ ತೂತುಗಳಿವೆ, ಮೋಸ ಹೋದೆನಾ ಎಂದು ಕೇಳಿದ್ದೀರಿ. ತೂತುಗಳು ಅಂಚಿನ ಉದ್ದಕ್ಕೂ ಇದ್ದರೆ ಗಾಬರಿ ಬೇಡ. ನೇಯುವಾಗ ಬಟ್ಟೆಯ ಅಗಲ ಕುಗ್ಗದಂತೆ ಹಿಡಿದಿಡುವ ಕಡ್ಡಿಯ ಮುಳ್ಳಿನ ಗುರುತು ಅದು. ಆದರೆ ಅದೊಂದೇ ಸಾಕ್ಷಿಯಲ್ಲ, ವಿದ್ಯುತ್ ಮಗ್ಗದಲ್ಲೂ ಇಂಥ ಗುರುತು ಬೀಳುತ್ತದೆ.

ಅಂಚನ್ನೇ ಸರಿಯಾಗಿ ನೋಡಿ. ಕೈಮಗ್ಗದಲ್ಲಿ ಅಡ್ಡ ನೂಲನ್ನು (ಹೊಕ್ಕು) ಒಯ್ಯುವ ಲಾಳಿ ಅತ್ತಿತ್ತ ಓಡುತ್ತದೆ, ಹೊಕ್ಕಿನ ನೂಲು ಅಂಚಿನಲ್ಲಿ ತಿರುಗಿ ವಾಪಸ್ ಬರುತ್ತದೆ. ಅಲ್ಲಿ ನೂಲು ಸಾಲಾಗಿ ಕತ್ತರಿಸಿ ಕುಚ್ಚಿನಂತೆ ನಿಂತಿದ್ದರೆ ಅದು ಲಾಳಿಯಿಲ್ಲದ ಯಂತ್ರದ ಬಟ್ಟೆ. ಜಕಾರ್ಡ್ ಎಂಬ ಚಿತ್ತಾರ ಮೂಡಿಸುವ ಸಾಧನದಿಂದ ನೇಯ್ದ ವಿನ್ಯಾಸ ಇದ್ದರೆ ಮಷೀನಿನದೇ ಎನ್ನುವುದು ಸುಮ್ನೆ ಮಾತು. 1804ರ ಸುಮಾರಿಗೆ ಜಕಾರ್ಡ್ ಬಂದದ್ದೇ ಕೈಮಗ್ಗಕ್ಕೆ!

ಬೆಲೆ ಜಾಸ್ತಿ ಅಂದಿರಲ್ಲ, ಹಾಸು (ಉದ್ದ ನೂಲು) ಹೂಡಿ ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತುವ ಮನೆಮಂದಿಯ ಕೂಲಿಯೂ ಅದರಲ್ಲೇ ಬರಬೇಕು. ಅಂಚಿನ ಫೋಟೋ ಇದ್ದರೆ ತೋರಿಸಿ, ನೋಡೋಣ.